ಡಂಡೀಯ ಗೋಣಿ

ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದು ಹೇಳಿ
ಕಿವಿಗೆ ಹೆಡ್‌ಫೋನು ಏರಿಸಿದೆ.
ಯೂಫೀಮಿಯಾ ಲಿಂಡೋರ್ಸ್, ಎಂಬತ್ತೊಂಬತ್ತು,
ಊರಿಗೆಲ್ಲ ಎಫ್ಫಿ ಅಜ್ಜಿ.
ಸಾವಿರ ಹರ್ಟ್ಸ್‌ಗೆ ಒತ್ತಿತು.
ಎರಡು ಸಾವಿರಕ್ಕೆ ಯೋಚಿಸಿ ಒತ್ತಿತು.
ನಾಲ್ಕು ಸಾವಿರಕ್ಕೆ ಗೆರೆ
ಹಗ್ಗ ಕಳಚಿದ ಕೊಡದಂತೆ ಬಾವಿಗೆ.

ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ
ಈ ಊರಿನ ಮುದಿಕಿವಿಗಳನ್ನು:
ಅದೇ ಜಾಗದಲ್ಲಿ ಅದೇ ಹಳ್ಳ,
ಸೆಣಬಿನ ಮಗ್ಗ ತೋಡಿದ್ದು.

ಅಜ್ಜಿ ನನ್ನ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತದೆ.
ಹದಿನಾಲ್ಕಕ್ಕೇ ಗಿರಣಿ ಸೇರಿದವರು
ಆ ಗದ್ದಲದಲ್ಲಿ ಮಾತಾಡಿಕೊಂಡದ್ದೇ ಹೀಗೆ,
ಮೇಸ್ತ್ರಿಯ ಬೆನ್ನ ಹಿಂದೆ, ಮೇಸ್ತ್ರಿಯದೇ ಸುದ್ದಿ.

ನಾರು ಬರುತ್ತಿತ್ತು ಬಂಗಾಳದ ಕೊಳೆನೀರಿನಿಂದ.
ಒರಟು. ತಿಮಿಂಗಿಲದ ಎಣ್ಣೆ ಕುಡಿಸದೆ ಬಗ್ಗುತ್ತಿರಲಿಲ್ಲ.
ಹಿಮದಲ್ಲಿ ಸತ್ತದ್ದೂ ಕೆಸರಲ್ಲಿ ಕೊಳೆತದ್ದೂ
ಟೇ ನದಿಯ ದಂಡೆಯಲ್ಲಿ ಸಂಸಾರ ಹೂಡಿ
ಇಡೀ ಊರು ನಾರುತ್ತಿತ್ತು, ಊರು ಉಣ್ಣುತ್ತಿತ್ತು.
ನೇಯ್ದ ಚೀಲಕ್ಕೆ ಪಕ್ಷವಿಲ್ಲ. ಬ್ರೆಜಿಲಿನ ಕಾಫಿ,
ಆಸ್ಟ್ರೇಲಿಯದ ಉಣ್ಣೆ; ಅಮೆರಿಕದ ಅಣ್ಣತಮ್ಮಂದಿರು
ಬಡಿದಾಡಿಕೊಂಡಾಗ ಎರಡೂ ದಂಡಿಗೆ
ಮರಳುಚೀಲ ಡಂಡೀಯದೇ, ಎನ್ನುತ್ತಿದ್ದನಂತೆ ಅಜ್ಜಿಯ ಅಜ್ಜ.
ಗುಂಡು ಎರಡು ಕಡೆಯದು, ಬಿಲ್ಲು ಒಂದೇ ಕಡೆಯದು.

ಆಮೇಲೆ ಮಗ್ಗವೇ ಹಡಗು ಹತ್ತಿತು
ತುಂಡು ತುಂಡಾಗಿ, ನಂಬರು ಬರೆಸಿಕೊಂಡು, ಪೆಟ್ಟಿಗೆಯಲ್ಲಿ.
ಜೋಡಿಸಿಕೊಡಲು ಅಜ್ಜಿಯ ಅಪ್ಪ ಅಲೆಕ್,
ಸಾವಿರದ ಒಂಬೈನೂರ ಹನ್ನೆರಡರಲ್ಲಿ, ಹೂಗ್ಲಿಯ ದಡಕ್ಕೆ.
ಬಂಡವಾಳ ಇಲ್ಲಿಯದೇ, ಗುಡ್ಡದ ಮೇಲಿನ ಬಂಗಲೆಗಳದು.
ದುಡ್ಡಿಗೆ ಈಜು ಬರುತ್ತದೆ.
ಅಲ್ಲಿ ನಾರು ಹೊಸಿಲಲ್ಲೇ, ಕೂಲಿ ಚಿಲ್ಲರೆಯಲ್ಲಿ.

"ಇಲ್ಲಿಯ ಹುಡುಗರು ಚುರುಕು" ಎಂದು ಬರೆದ ಅಪ್ಪ.
ಅವನ ಹಣದಲ್ಲಿ ಅಮ್ಮ ಕಲ್ಲಿದ್ದಲು ಕೊಂಡಳು,
ಅವನ ಕಾಗದದಲ್ಲಿ ಒಲೆ ಹೊತ್ತಿಸಿದಳು.
ಆ ಚುರುಕು ಹುಡುಗರ ಚೀಲ ಅಗ್ಗವಾಗಿ ಬಂದಿಳಿದ ವರ್ಷ
ಅಮ್ಮನ ಮಗ್ಗಕ್ಕೆ ವಾರದಲ್ಲಿ ಮೂರೇ ದಿನ.
"ಯಾರನ್ನು ಬೈಯಲಿ? ಅಪ್ಪ ಒಳ್ಳೆಯ ಮೇಷ್ಟ್ರು!"
ಅಜ್ಜಿ ನಕ್ಕಿತು, ಹಲ್ಲಿನ ಸೆಟ್ಟು ಕದಲಿತು.

ಹೂಗ್ಲಿಯ ಆ ಹುಡುಗರ ಕಿವಿಗೆ
ಹೆಡ್‌ಫೋನು ಏರಿಸಿದವರು ಯಾರು?
ನನ್ನ ಕಪಾಟಿನಲ್ಲಿ ಆ ಗ್ರಾಫು ಇಲ್ಲ.

ಬ್ಯಾಡಗಿ ಪೇಟೆಯಲ್ಲಿ ನಮ್ಮಜ್ಜ
ಬಾಯಲ್ಲಿ ದಬ್ಬಣ ಕಚ್ಚಿಕೊಂಡು ಮೆಣಸಿನಕಾಯಿ ಚೀಲ ಹೊಲಿದು
ತಾನೇ ಹೊರುತ್ತಿದ್ದ. ಬೆವರಿಗೆ ಮಸಿ ಬಿಟ್ಟು
ಚೀಲದ ನೀಲಿ ಅಕ್ಷರ ಬೆನ್ನಿಗಿಳಿಯುತ್ತಿತ್ತು, ತಿರುವುಮುರುವು.
ಅಕ್ಕನ ಕನ್ನಡಿ ಹಿಡಿದು ನಾನು ಕೂಡಿಸಿ ಓದಿದ
ಮೊದಲ ಇಂಗ್ಲಿಷು ಅದು: ಮೇಡ್ ಇನ್.
ಎಲ್ಲಿ ಎಂಬುದು ಕಲಸಿಹೋಗಿತ್ತು.

ಯಾಕೋ, ದನಿ ತೆಗೆಯದೆ, ತುಟಿಯಲ್ಲಷ್ಟೇ ಅಂದೆ: ಗೋಣಿ.
"ಗನ್ನಿ," ಎಂದಿತು ಅಜ್ಜಿ, ಗುಂಡಿ ಒತ್ತಿದಷ್ಟೇ ಥಟ್ಟನೆ.
"ಆದರೆ ಬಾಯಿ ತೀರಾ ದುಂಡಗೆ ಮಾಡಿದೆ, ಹುಡುಗಿ."
ಸುಂಕದ ಕಟ್ಟೆಯಲ್ಲಿ ಯಾರೂ ಬಿಚ್ಚಿ ನೋಡದ ಮಾಲು.
ನನ್ನ ಫಾರಮ್ಮಿನಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ.

ಹೊಸ ಶ್ರವಣಯಂತ್ರದ ಡಬ್ಬಿ ಕೊಟ್ಟೆ.
ಅಜ್ಜಿ ಮೊದಲು ತಳ ತಿರುಗಿಸಿ
ಕನ್ನಡಕ ಸರಿಸಿ ಎಲ್ಲಿಯದೆಂದು ಓದಿತು.
ಯಂತ್ರ ಡೆನ್ಮಾರ್ಕಿನದು, ಬ್ಯಾಟರಿ ಇನ್ನೆಲ್ಲಿಯದೋ.
"ಹ್ಞೂಂ," ಅಂತ ಕಿವಿ ಒಡ್ಡಿತು.

ಕಿಟಕಿಯಾಚೆ ಕಡಲಹಕ್ಕಿಯೊಂದು ಬಾಯಿ ತೆರೆಯಿತು.
ಅಜ್ಜಿ ಬೆಚ್ಚಿ, ನನ್ನ ತುಟಿ ಬಿಟ್ಟು, ಅತ್ತ ತಿರುಗಿ:
"ಇಷ್ಟು ವರ್ಷವೂ ಇದು ಹೀಗೇ ಕಿರಿಚುತ್ತಿತ್ತಾ?"