ಸೀಸ

ಕೊಲ್ಹಾರದ ಸೇತುವಿ ಹಾದಿಯಾಗ, ಪಂಚರ್ ಅಂಗಡಿ ಹಿಂದ,
ತೂತು ಬಿದ್ದ ಡಬರಿಗೆ ತಗಡು ಬಡದು
ಸೀಸ ಕರಗಸಾಕ ಹತ್ತೀನಿ.
ಗಾಲಿಗೆ ಬಡಿಯೋ ತೂಕದ ತುಂಡು,
ಎರಡು ವರ್ಷ ಡಬ್ಬಿಯಾಗ ಕೂಡಿಟ್ಟಿದ್ದೆ,
ಯಾಕ ಅಂತ ನನಗೂ ಗೊತ್ತಿರಲಿಲ್ಲ.
ಈಗ ಗೊತ್ತಾತು: ಕಾರವಾರದ ಕಡಲಿಗೆ.

ಮಾಜಾಳಿ. ಮೂರು ಮಂದಿ. ನಾಕು ದಿನ.
ದಸರಾ ಆದ ಮ್ಯಾಲ, ಮಳಿ ಬಿಟ್ಟರ.
ಲಾಡ್ಲೇಸಾಬ ಕ್ಯಾಲೆಂಡರಿನ ಬೆನ್ನಿಗೆ ಬರದಾನ:
ದೊಡ್ಡ ಗಾಳ ಹನ್ನೆರಡು,
ಹೊಟ್ಟಿ ತೊಳಸಿದರ ಲಿಂಬಿಹಣ್ಣು,
ನಮ್ಮೂರ ಮೊಸರು ಎರಡು ಗಡಿಗಿ.
ಅದು ಯಾಕೋ ಅಂದ್ರ,
ಬರಿಗೈಲೆ ಹೋಗತಾರೇನು ಸಮುದ್ರಕ್ಕ?

ಗಾಡಿ ಅವನದ, ಬಾಳಿಹಣ್ಣು ಹೇರೋ ಛೋಟಾ ಹಾಥಿ.
ಮೂರನೇ ಗೇರು ಆಗಾಗ ಸಿಟ್ಟಾಗತೈತಿ.
ಅರಬೈಲ ಘಟ್ಟ ಇಳಿಯೋದು ಹೆಂಗ
ಅಂತ ಯಾರೂ ಕೇಳಿಲ್ಲ.

ಮನ್ಯಾಗ ನಾ ಹೇಳಿದ್ದು ಗೋಕರ್ಣ.
ಮೀನು ಅನ್ನೋ ಶಬ್ದಕ್ಕೂ ಮಾರಿ ತೊಳಕೊಳ್ಳೋ ಮನಿ ನಮ್ಮದು.
ಕಾಶವ್ವ ಈಗಾಗಲೇ ಹನ್ನೊಂದು ರೂಪಾಯಿ ಕೊಟ್ಟಾಳ, ಹುಂಡಿಗೆ.
ಕಿಸೆದಾಗ ಅದು ಗಾಳಕ್ಕಿಂತ ಚುಚ್ಚತೈತಿ.

ಗೂಳಪ್ಪ ಬಾರಕೇರ ನಕ್ಕಿದ್ದ:
"ದಿನಾ ಮೀನ ಹಿಡಿಯಾಂವಗ ಮೀನ ಹಿಡಿಯಾಕ ಸೂಟಿ ಏನಲೇ?
ನೀ ಸೂಟಿಗೆ ಹೋಗಿ ಪಂಚರ್ ಹಚ್ಚತಿಯೇನು?"
ಅಂದರೂ ಎದ್ದು ಹೋಗಲಿಲ್ಲ.
ಕುಂತಲ್ಲೇ ದಾರಕ್ಕ ಗಂಟು ಹಾಕಿದ,
ಬಿಚ್ಚಿದ, ಮತ್ತ ಹಾಕಿದ.

ಅವನ ಬಲಿ ಬೀಳೋದು ಹಳೇ ಊರಿನ ಮ್ಯಾಲ.
ಹಿನ್ನೀರು ಬಂದು ಇಷ್ಟು ವರ್ಷ ಆದರೂ
ಆಳ ಕೇಳಿದರ ಮಾರಿನ ಲೆಕ್ಕ ಹೇಳೂದಿಲ್ಲ:
ಅಗಸಿ ಹತ್ರ ಎರಡು ಆಳು,
ನಮ್ಮ ಹಿತ್ತಲದಾಗ ಒಂದೂವರಿ,
ದೊಡ್ಡವ್ವನ ಬಚ್ಚಲದ ಕಡೆ ಹೋಗಬ್ಯಾಡ, ಸಿಕ್ಕೊಳ್ಳತೈತಿ.
ವರ್ಷಕ್ಕ ಒಂದು ಬಲಿನಾದರೂ ಹರೀತೈತಿ
ಯಾರದೋ ಹೊಸ್ತಿಲಕ್ಕ.

ನಿನ್ನೆ ಫೋನ್ ಹಚ್ಚಿದಿವಿ, ದೋಣಿಯ ಗಣಪು ಹರಿಕಂತ್ರಗ.
ನಡಕ ಇಟ್ಟು, ಮೂರು ತಲಿ ಬಗ್ಗಿಸಿ.
ಹಿಂದ ಗಾಳಿ, ಇಲ್ಲಾ ಕಡಲೇ ಇರಬೇಕು.
ಭರತ ಅಂದ, ಇಳಿತ ಅಂದ, ಅಮಾಸೆ ಬೇಡ ಅಂದ,
ಬಾಡಿಗೆ ಬೇರೆ, ಡೀಸೆಲ್ ಬೇರೆ ಅಂದ,
ನಿಮಗೆ ಈಜು ಬರ್ತದೋ ಇಲ್ವೋ ಅಂದ.
ಗೂಳಪ್ಪ ಫೋನ್ ಕಸಗೊಂಡ.
"ಅಲ್ರೀ, ಆ ನೀರಿನ ಬುಡಕ ಯಾರ ಊರು ಐತಿ?"

ಆ ಕಡೆ ಸುಮ್ಮನಾತು. ಕಟ್ಟಾತೇನೋ ಅನಕೊಂಡಿವಿ.
"ಊರಾ? ಯಾರದ್ದೂ ಇಲ್ಲ ಮಾರಾಯ್ರೇ.
ಕೆಸರು, ಕಲ್ಲು, ಮತ್ತೂ ನೀರು."

"ಯಾರದೂ ಇಲ್ಲಂತ," ಗೂಳಪ್ಪ ನಮ್ಮ ಕಡೆ ಹೊಳ್ಳಿ ಹೇಳಿದ,
ನಾವು ಕೇಳೇ ಇಲ್ಲ ಅನ್ನುವಂಗ.
ಆಮ್ಯಾಲ ಲಾಡ್ಲೇಸಾಬನ ಪೆನ್ನು ತಗೊಂಡು,
ತನ್ನ ಹೆಸರು ಎಲ್ಲಿ ಐತಿ ಅಂತ ಕೇಳಿ,
ಅದರ ಬುಡಕ ಒಂದು ಗೆರಿ ಎಳದ.

ಸೀಸ ಈಗ ಬೆಳ್ಳಿ ಆಗೈತಿ.
ಹಸಿ ಮಣ್ಣು ಸಿಡೀತೈತಿ ಅಂತ ಒಣ ಉಸುಕಿನಾಗ
ಬೆರಳು ಒತ್ತಿ ಮಾಡಿದ ಕುಣಿ;
ಒಂದೊಂದಕ್ಕೂ ಸುರಿತೀನಿ, ತಂತಿ ಚುಚ್ಚತೀನಿ.
ಎಷ್ಟು ಮಾಡಲಿ, ಅಂದೆ.
"ಹೆಚ್ಚಿಗೆ ಮಾಡು," ಅಂದ ಗೂಳಪ್ಪ,
"ತಳ ಎಷ್ಟು ದೂರ ಐತೋ ಯಾಂವಗ ಗೊತ್ತು."