ಎಡಕ್ಕೆ ತಿರುಗಲು ಬಾರದವನು

ಒಂಬತ್ತೇ ಕಂತು.
ಲೋಕಲ್ ಕೇಬಲ್ಲಿನಲ್ಲಿ, ರಾತ್ರಿ ಒಂಬತ್ತೂವರೆಗೆ,
ಸೀರೆ ಅಂಗಡಿಯ ಜಾಹೀರಾತಿಗೂ
ಶ್ರದ್ಧಾಂಜಲಿಯ ಫೋಟೋಗಳಿಗೂ ನಡುವೆ
ಹನ್ನೊಂದು ನಿಮಿಷ.

ಚಿತ್ರ ಬರೆಯುತ್ತಿದ್ದವನು ಜಬೀವುಲ್ಲಾ,
ರಾಂ ಅಂಡ್ ಕೋ ಸರ್ಕಲ್ಲಿನ ತನ್ನ ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ.
ಹಗಲು ಅದೇ ಕಂಪ್ಯೂಟರಿನಲ್ಲಿ ಮದುವೆ ಕಾರ್ಡು,
ರಾತ್ರಿ ನಮ್ಮವರು:
ವಿಡಿಯೋ ಗೇಮಿನೊಳಗೆ ದುಡಿದು ಮನೆಗೆ ಹೋಗುವವರು.

ಆಟವನ್ನು ನಾವು ತೋರಿಸುತ್ತಲೇ ಇರಲಿಲ್ಲ.
ಆಟ ಅವರ ಡ್ಯೂಟಿ. ಕತೆ ಏಳುತ್ತಿದ್ದದ್ದು
ಪಾಳಿ ಬಿಟ್ಟ ಮೇಲೆ.
ಆ ಸೈರನ್ನು, ಮುಚ್ಚಿಹೋದ ಹತ್ತಿ ಗಿರಣಿಯದು,
ಅವರಪ್ಪ ಬಾಯಲ್ಲೇ ಊದಿಕೊಟ್ಟದ್ದು.

ಎರಡನೇ ಲೆವೆಲ್ಲಿನ ರಾಕ್ಷಸ,
ದಿನಕ್ಕೆ ನಲವತ್ತು ಸಲ ಸಾಯುವವನು,
ಕೊಂಬು ಬಿಚ್ಚಿ ಸೈಕಲ್ ಹ್ಯಾಂಡಲಿಗೆ ತೂಗುಹಾಕಿ
ಮಂಡಕ್ಕಿ ಭಟ್ಟಿಯ ಹಿಂದಿನ ಬಾಡಿಗೆ ಮನೆಗೆ ಬರುತ್ತಿದ್ದ.
'ಇವತ್ತೆಷ್ಟು ಸಲ?' ಅನ್ನುವಳು ಹೆಂಡತಿ.
'ಕಡಿಮೆ. ಪರೀಕ್ಷೆ ಟೈಮು, ಹುಡುಗ್ರು ಬಂದಿಲ್ಲ.'
'ಹಂಗಾರೆ ಗ್ಯಾಸಿನೋನಿಗೆ ಏನ್ ಹೇಳ್ಲಿ?'

ರಾಜಕುಮಾರಿಯ ದನಿ ಕೊಟ್ರಮ್ಮನವರದು.
ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ನಾಯಕಿ, ಆಗ ಅರವತ್ತೊಂದು.
ಎಲೆಅಡಿಕೆ ಉಗಿದು ಬಂದು, ಮೈಕಿನ ಮುಂದೆ ಒಂದು ಸಲ ಕೆಮ್ಮಿ,
ಮೆಟ್ಟಿಲಿಳಿದಂತೆ ಹದಿನಾರಕ್ಕೆ ಇಳಿಯುತ್ತಿದ್ದರು.
'ಬಿಡಿಸಾಕೆ ಬರೋನು ಬರ್ಲಿ ಬಿಡಪ್ಪ,
ಬರೋವಾಗ ಅರ್ಧ ಲೀಟರ್ ಹಾಲು ಹಿಡ್ಕಂಡ್ ಬರ್ಲಿ.'
ಇದನ್ನು ಯಾರೂ ಬರೆದಿರಲಿಲ್ಲ. ಕೆಮ್ಮಿನ ಸಮೇತ ಉಳಿಸಿಕೊಂಡೆವು.

ನಾಯಕನಿಗೆ ಒಂದೇ ತೊಡಕು:
ಬಲಕ್ಕೆ ಬಿಟ್ಟರೆ ಬೇರೆ ದಿಕ್ಕಿಗೆ ನಡೆಯಲು ಬಾರದು.
ಆಟದಲ್ಲಿ ಅದೇ ಅವನ ಹೆಚ್ಚುಗಾರಿಕೆ. ಊರಲ್ಲಿ ಪೇಚು.
ಅಮ್ಮ ಕರಿಬೇವಿಗೆ ಕಳಿಸುತ್ತಾಳೆ.
ಅಂಗಡಿ ಇರುವುದು ಮನೆಯ ಎಡಕ್ಕೆ, ಮೂರನೆಯದು.
ಬಲಕ್ಕೆ ಹೊರಟ ಹುಡುಗ ಪಿ.ಬಿ. ರೋಡು ಹಿಡಿದು,
ಬಾತಿ ದಾಟಿ, ಹರಿಹರದ ಸೇತುವೆ,
ಆಮೇಲೆ ಸಮುದ್ರ, ಆಮೇಲೆ ಭೂಮಿಯ ಬೆನ್ನು,
ನಾಲ್ಕನೇ ಕಂತಿನಿಂದ ಎಂಟನೇ ಕಂತಿನವರೆಗೂ ನಡೆದೇ ನಡೆದ,
ಮುಷ್ಟಿಯಲ್ಲಿ ಎರಡು ರೂಪಾಯಿಯ ಬೆವರು.
ಒಂಬತ್ತನೆಯದರಲ್ಲಿ ಊರು ಸೇರಿದ.
ಅಶೋಕ ಟಾಕೀಸಿನ ರೈಲ್ವೆ ಗೇಟು ಹಾಕಿತ್ತು.

ಅಲ್ಲಿಗೇ ನಿಂತಿತು.
ಮಕ್ಕಳು ನಗಲ್ಲ, ದೊಡ್ಡೋರು ನೋಡಲ್ಲ ಎಂದು
ಸೀರೆ ಅಂಗಡಿಯವರು ಕೈಬಿಟ್ಟರು. ಸುಳ್ಳೇನೂ ಇರಲಿಲ್ಲ.
ನಕ್ಕವರು ನಾನು ಕಂಡಂತೆ ಇಬ್ಬರು:
ಮಿರ್ಚಿ ಕರಿಯುವ ಓಬಳೇಶಿ, ಅವನ ಕಿವುಡಿ ಅಕ್ಕ.

ನಾನೋ,
ತುಳಿಸಿಕೊಳ್ಳಲೆಂದೇ ಎದುರು ಬರುವ ಅಣಬೆ.
ಕಂತಿಗೊಂದು ಮಾತು ನನಗೆ, ಚಪ್ಪಟೆಯಾದ ಮೇಲೆ:
'ನಾಳೆ ಸಿಗೋಣ.'

ಆಮೇಲೆ ಈ ಗಂಟಲು ಗುಜರಿ ಗಾಡಿಗೆ ಹೋಯಿತು.
ಇನ್ನೂರು ರೂಪಾಯಿಗೆ ಒಂದೇ ಸಲ ಕೂಗಿದ್ದು:
ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್,
ಕೆಟ್ಟ ಟಿವಿ, ಕೆಟ್ಟ ಕಂಪ್ಯೂಟರ್ ಹಾಕೋರು.
ವಿನೋಬನಗರದ ಅಡ್ಡರಸ್ತೆಗಳಲ್ಲಿ
ಇವತ್ತಿಗೂ ಅದು ನನಗಿಂತ ಮೊದಲೆದ್ದು ತಿರುಗುತ್ತದೆ.
ನೆಗಡಿಯಾದ ದಿನ ಅದರ ಗಟ್ಟಿತನ ಕೇಳಿ
ನನಗೇ ಹೊಟ್ಟೆಕಿಚ್ಚು.

ಹೋದ ಬುಧವಾರ ಜಬೀವುಲ್ಲಾ ಅಂಗಡಿ ಖಾಲಿ ಮಾಡಿದ.
'ಹತ್ತನೇ ಕಂತು ಅರ್ಧ ಇದ್ರಾಗೇ ಐತಿ,' ಅಂದ,
ಆನ್ ಆಗದ ಡಬ್ಬಿಯ ಧೂಳು ಅಂಗಿಯ ತುದಿಯಿಂದ ಒರೆಸುತ್ತ.
ಕೆಳಗೆ ರಸ್ತೆಯಲ್ಲಿ ಆಗಲೇ
ನಾನು ಕೂಗುತ್ತ ಬಂದೆ.

ಇಬ್ಬರೂ ಏನೂ ಆಡಲಿಲ್ಲ. ಒಂದೊಂದು ಕಡೆ ಹಿಡಿದು ಇಳಿಸಿದೆವು.
ತಕ್ಕಡಿ ಆರೂವರೆ ಕೆಜಿ ಅಂದಿತು.
'ಅವನು ಗೇಟ್ ದಾಟಿದ್ನೇನೋ?'
'ಎಲ್ಲಿ. ಗೂಡ್ಸ್ ಗಾಡಿ ಇನ್ನೂ ಹೋಗ್ತಾನೇ ಐತಿ.
ಐವತ್ತೆಂಟು ಡಬ್ಬಿ. ಒಂದು ಬರ್ದು ನಕಲು ಹೊಡೆದಿರ್ಲಿಲ್ಲಲೇ,
ಒಂದೊಂದೂ ಬೇರೆ ಬೇರೆ ಬರ್ದಿದ್ದೆ.'

ಗುಜರಿ ಗಾಡಿ ಸರ್ಕಲ್ಲಿಗೆ ಹೋಗಿ,
ಒಂದು ಆಟೋಗೆ ದಾರಿ ಬಿಟ್ಟು,
ಸಲೀಸಾಗಿ
ಎಡಕ್ಕೆ ತಿರುಗಿತು.