ಕರೆ

ಮಟ್ಟು ಬಂಡೆಗೆ ಉಳಿ ಒತ್ತುತ್ತ ವಾರಿಜಕ್ಕ ಅಂದರು:
"ಪಚ್ಚಿಲೆ ಹಾಗೆ ಹಿಡೀಬೇಕು ಮಾರಾಯ್ತಿ,
ನೀರೊಳಗೇ."

ನಮ್ಮ ಅಂಟುಗಳದ್ದೆಲ್ಲ
ಒಣಗಿದ ಮೇಲಿನ ಪೌರುಷ.

ಲ್ಯಾಬಿನಲ್ಲಿ ಅದರ ನೂಲು ಬಿಡಿಸಿದೆ:
ಆರು ಇಂಗಾಲದ ಬಳೆ,
ಪಕ್ಕಪಕ್ಕದಲ್ಲೇ ಎರಡು ಕೈ,
ಆಮ್ಲಜನಕ, ತುದಿಗೊಂದು ಜಲಜನಕ.
ಕಲ್ಲಿಗಂಟಿದ ನೀರನ್ನು
ತುಸು ಆಚೆ ಸರಿಸಿ
ತಾನು ಕೂರುತ್ತದೆ.
ಕಬ್ಬಿಣದ ಕಣವೊಂದು ಸಿಕ್ಕಿತೋ,
ಮೂರು ಬಳೆ ಸೇರಿ ಅದನ್ನು ಬಿಡುವುದಿಲ್ಲ.

ಗಾಳಿ ತಾಗಿದರೆ ಕಪ್ಪು.
ನನ್ನ ಬೀಕರು, ಉಗುರು, ಬಿಳಿ ಕೋಟಿನ ತೋಳು.

ರಾತ್ರಿ ಅಮ್ಮ ಗುಳ್ಳ ಕೊರೆಯುತ್ತಿದ್ದಳು.
ಮೆಟ್ಟುಕತ್ತಿಯ ಅಲಗು, ಅವಳ ಹೆಬ್ಬೆರಳು
ಅದೇ ಬಣ್ಣ.
"ಬೇಗ ನೀರಿಗೆ ಹಾಕು, ಕರೆ ಹಿಡೀತದೆ."

ಎರಡು ವರ್ಷದ ನೋಟ್‌ಬುಕ್ಕು
ಬ್ಯಾಗಿನಲ್ಲೇ ಇತ್ತು.
ಹೋಳು ಕೈಯಲ್ಲಿ ಹಿಡಿದೇ
ಕೂತೆ.